ಬುಧವಾರ ಆ ಕೋಣೆಯಲ್ಲಿ ಇದ್ದವರು

ಗೌರಿಬಿದನೂರು
17 ಫೆಬ್ರವರಿ 2025

ಚಿ. ಸೌ. ತನುಜಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಐದು ದಿನಗಳಾದವು. ಅದಕ್ಕೆ ಉತ್ತರಿಸುವ ಮೊದಲು ಅದರಲ್ಲಿರುವ ತಪ್ಪುಗಳನ್ನು ತಿದ್ದಬೇಕಾಗಿದೆ. ನಿನ್ನ ತಾಯಿ ಗಂಗುಲಮ್ಮನವರು ಆಯಾ ಆಗಿ ಕೆಲಸ ಮಾಡುತ್ತಿದ್ದ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಸಿಬ್ಬಂದಿ ಅವರೆಕಾಳು ಹಿತಕಲು ಕುಳಿತದ್ದು ಮಂಗಳವಾರವಲ್ಲ; ಬುಧವಾರ, ಜನವರಿ ಎಂಟನೆಯ ತಾರೀಖು. ಕುಳಿತದ್ದು ವಾರ್ಡಿನಲ್ಲಿಯೂ ಅಲ್ಲ. ಹೆರಿಗೆ ವಾರ್ಡಿನ ಪಕ್ಕದಲ್ಲಿ ಅವರೆಲ್ಲ ಬಟ್ಟೆ ಬದಲಾಯಿಸುವ, ಬುತ್ತಿ ಬಿಚ್ಚುವ ಸಣ್ಣ ಕೋಣೆಯಲ್ಲಿ. "ಹತ್ತು ಹನ್ನೆರಡು ಜನ ಗುಂಪುಗೂಡಿದ್ದರಂತೆ" ಎಂದು ಯಾರೋ ಹೇಳಿದ್ದನ್ನು ನೀನು ಪರಿಶೀಲಿಸದೆ ಬರೆದಿದ್ದೀಯೆ. ಇದ್ದವರು ನಾಲ್ವರು. ನಿನ್ನ ತಾಯಿ, ನನ್ನ ಮಗಳು ಶಿರೀಷಾ, ಅವಳ ಜೊತೆಯ ನರ್ಸ್ ಮುನಿರತ್ನಮ್ಮ, ಪ್ರಯೋಗಾಲಯದ ರಮೇಶ್‌ಬಾಬು. ನಡುವೆ ಒಂದು ಬೋಗುಣಿ, ಸಿಪ್ಪೆ ಹಾಕಲು ಆಸ್ಪತ್ರೆಯದೇ ಒಂದು ಸ್ಟೀಲ್ ತಟ್ಟೆ. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿರಲಿಲ್ಲ.

ಶಿರೀಷಾ ಜ್ವರವಿಟ್ಟುಕೊಂಡೇ ಕೆಲಸಕ್ಕೆ ಬಂದಿದ್ದಳೆಂಬ ಮಾತನ್ನು ನೀನು ಎರಡು ಕಡೆ ಬರೆದಿದ್ದೀಯೆ. ಅವಳಿಗೆ ಜ್ವರ ಕಾಣಿಸಿದ್ದು ಗುರುವಾರ. ನಿನ್ನ ತಾಯಿಗೆ ಶನಿವಾರ. ಆ ವಾರ ಆಸ್ಪತ್ರೆಯ ಹಾಸಿಗೆಗಳೆಲ್ಲ ಇನ್‌ಫ್ಲುಯೆಂಜಾ ರೋಗಿಗಳಿಂದ ತುಂಬಿದ್ದವು. ಯಾವ ರೋಗಿಯಿಂದ ಯಾರಿಗೆ ಬಂತೆಂದು ಹೇಳಬಲ್ಲವರು ಯಾರೂ ಇಲ್ಲ. ಸಕ್ಕರೆ ಕಾಯಿಲೆಯಿದ್ದ ನಿನ್ನ ತಾಯಿಗೆ ಅದು ಶ್ವಾಸಕೋಶಕ್ಕೆ ಇಳಿದದ್ದು, ಇಪ್ಪತ್ತೊಂದರಂದು ಅವರು ತೀರಿಕೊಂಡದ್ದು ನಮ್ಮೆಲ್ಲರ ದುರದೃಷ್ಟ.

ಗಂಗುಲಮ್ಮನವರ ವಿಷಯದಲ್ಲಿ ನನ್ನ ಮನೆಯವರು ಅಲಕ್ಷ್ಯ ತೋರಿದರೆಂಬ ಧ್ವನಿ ನಿನ್ನ ಪತ್ರದಲ್ಲಿದೆ. ನೀನು ನನ್ನ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ನಿನ್ನ ತಾಯಿ ಅಲ್ಲಿ ಕಸ ಗುಡಿಸುತ್ತಿದ್ದರು. ಅವರ ಲೋಟವನ್ನು ಉಪಾಧ್ಯಾಯರ ಕೋಣೆಯ ಕಿಟಕಿಯ ಮೇಲೆ ಬೇರೆ ಇಡುತ್ತಿದ್ದರು. ಮುಖ್ಯೋಪಾಧ್ಯಾಯಿನಿಯಾದ ಮೊದಲ ವಾರವೇ ಆ ಲೋಟವನ್ನು ಅಲ್ಲಿಂದ ತೆಗೆಸಿದವಳು ನಾನು. ಆಸ್ಪತ್ರೆಯ ಕೆಲಸಕ್ಕೆ ಅವರ ಪರವಾಗಿ ಮಾತನಾಡಿದವಳೂ ನಾನೇ. ಇದನ್ನು ನೆನಪಿಸಬೇಕಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ.

ನಿನ್ನ ಅಕ್ಷರ ಇಂದಿಗೂ ದುಂಡಾಗಿದೆ. ಇಂಥ ಶೋಕದಲ್ಲಿಯೂ ಒತ್ತಕ್ಷರಗಳು ತಪ್ಪಿಲ್ಲ. ಸಂತೋಷ.

ಇತಿ ನಿನ್ನ ಹಿತೈಷಿ,
ಎನ್. ರಾಮಲಕ್ಷ್ಮಮ್ಮ


ಶಿಡ್ಲಘಟ್ಟ
2 ಮಾರ್ಚ್ 2025

ಮೇಡಂ ಅವರಿಗೆ ನಮಸ್ಕಾರಗಳು.

ತಾರೀಖನ್ನು ತಿದ್ದಿದ್ದಕ್ಕೆ ಧನ್ಯವಾದ. ಬುಧವಾರವೇ ಸರಿ. ಆ ಸಂಜೆ ಅಮ್ಮ ಬಸ್ಸಿಳಿದು ಮನೆಗೆ ಬಂದಾಗ ಚೀಲದಲ್ಲಿ ಅವಳ ಪಾಲಿನ ಹಿತಕಿದ ಬೇಳೆಯಿತ್ತು. ಸಾರು ಮಾಡಿ, ನನ್ನ ಮಗಳು ಗೌತಮಿಗೆ ಮುದ್ದೆ ಬಡಿಸುತ್ತಾ ಮಧ್ಯಾಹ್ನದ ಕಥೆಯನ್ನೆಲ್ಲ ಹೇಳಿದಳು. ರಮೇಶ್‌ಬಾಬು ಹಿತಕಿದ ಕಾಳು ಚಿಮ್ಮಿ ಮುನಿರತ್ನಮ್ಮನವರ ಕನ್ನಡಕಕ್ಕೆ ಬಡಿಯಿತಂತೆ. "ಏನಪ್ಪಾ, ರಕ್ತ ತೆಗೆಯೋ ಕೈಗೆ ಬೇಳೆ ತೆಗೆಯಕ್ಕೆ ಬರಲ್ವಾ ಅಂದೆ ಕಣೇ, ಎಲ್ಲಾ ಬಿದ್ದೂ ಬಿದ್ದೂ ನಕ್ರು" ಎಂದು ಅವಳೂ ಮತ್ತೊಮ್ಮೆ ನಕ್ಕಳು. ಈಗ ನನಗೆ ಆ ನಗು ಬೇರೆಯಾಗಿ ಕೇಳಿಸುತ್ತದೆ. ಚಳಿಗೆಂದು ಕಿಟಕಿ ಮುಚ್ಚಿದ ಕೋಣೆ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರು. ಎಲ್ಲರ ಬಾಯಿಯೂ ತೆರೆದಿದೆ.

ಅವಳು ಇನ್ನೊಂದು ಮಾತನ್ನೂ ಹೇಳಿದಳು. "ಮೇಡಮ್ಮೋರೂ ಕೂತಿದ್ರು. ಕಾಳು ಅವರ್ದೇ. ನಗರಗೆರೆ ಹೊಲದ್ದಂತೆ, ನೆನೆಹಾಕಿ ತಂದಿದ್ರು." ಹಾಗಾದರೆ ಇದ್ದವರು ನಾಲ್ವರಲ್ಲ ಮೇಡಂ, ಐವರು. ನೀವು ಎಣಿಕೆಯಲ್ಲಿ ತಪ್ಪುವವರಲ್ಲ.

ನಾನು ಜಗಳಕ್ಕಾಗಿ ಬರೆಯುತ್ತಿಲ್ಲ. ಆಸ್ಪತ್ರೆಯವರು ನಮಗೊಂದು ಕಾಗದ ಕೊಟ್ಟಿದ್ದಾರೆ. ಗಂಗುಲಮ್ಮನವರ ಮೊಮ್ಮಗಳಿಗೆ ಮೊದಲೇ ನೆಗಡಿಯಿತ್ತು, ಸೋಂಕು ಮನೆಯಿಂದಲೇ ಬಂದಿರಬೇಕು, ಸಿಬ್ಬಂದಿಯಿಂದ ಬಂದದ್ದಲ್ಲ ಎಂದು ಅದರಲ್ಲಿದೆ. ನಮ್ಮ ಮಾವ ಕೋನಪ್ಪನವರು ಓದಲಾರರು. ಮಾತನಾಡಿಸಲು ಬಂದ ನೆಂಟರೆದುರು ಅದನ್ನು ಓದಿಸಿ ಕೇಳಿ, "ಮಗು ಸೀನಿದ್ದೇ ಸೀನಿದ್ದು, ಅಜ್ಜಿ ಹೊಂಟೋದ್ಲು" ಎಂದರು. ಕೇಡಿನಿಂದ ಹೇಳಿದ್ದಲ್ಲ, ಅವರಿಗೂ ಸಂಕಟ. ಆದರೆ ಗೌತಮಿ ಬಾಗಿಲ ಹಿಂದೆಯೇ ಇದ್ದಳು. ಅವಳಿಗೆ ಎಂಟು ವರ್ಷ.

ಅಂದಿನಿಂದ ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಮಾತನಾಡುತ್ತಾಳೆ. ನನ್ನ ಪಕ್ಕದಲ್ಲಿ ಮಲಗುವುದಿಲ್ಲ. ಕಳೆದ ವಾರ ನೀರು ಕುಡಿದ ಲೋಟವನ್ನು ತೊಳೆದು ಕಿಟಕಿಯ ಮೇಲೆ ಇಟ್ಟಳು. ಯಾಕಮ್ಮ ಎಂದೆ. "ಅದು ನಂದು, ಯಾರೂ ಮುಟ್ಟಬೇಡಿ" ಎಂದಳು. ನಮ್ಮ ಮನೆಯಲ್ಲಿ ಕಿಟಕಿಯ ಮೇಲಿನ ಲೋಟದ ಕಥೆಯನ್ನು ನಾವು ಅವಳಿಗೆ ಎಂದೂ ಹೇಳಿರಲಿಲ್ಲ.

ಆ ಲೋಟವನ್ನು ನೀವು ತೆಗೆಸಿದ್ದು ನಿಜ. ಅಮ್ಮ ಅದನ್ನು ಎಲ್ಲರಿಗೂ ಹೇಳುತ್ತಿದ್ದಳು. ಹೇಳದೆ ಉಳಿಸಿಕೊಂಡದ್ದು, ಅದಾದ ಮೇಲೂ ಅವಳು ಶಾಲೆಯಲ್ಲಿ ನೀರು ಮುಟ್ಟದೆ ಮನೆಗೆ ಬಂದೇ ಕುಡಿಯುತ್ತಿದ್ದಳು ಎಂಬುದನ್ನು.

ಗೌತಮಿಗೆ ನೆಗಡಿ ಶುರುವಾದದ್ದು ಹದಿಮೂರನೆಯ ತಾರೀಖು, ಸೋಮವಾರ. ಅಮ್ಮನಿಗೆ ಜ್ವರ ಬಂದ ಎರಡು ದಿನಗಳ ನಂತರ. ಇದು ಶಿರೀಷಾ ಅಕ್ಕನಿಗೂ ಗೊತ್ತು. ನಾನೇ ಫೋನಿನಲ್ಲಿ ಹೇಳಿದ್ದೆ. ಆ ಬುಧವಾರ ಏನು ನಡೆಯಿತೆಂಬುದನ್ನು ನೀವು ಇದ್ದಂತೆಯೇ ಬರೆದುಕೊಟ್ಟರೆ ಸಾಕು.

ನಿಮ್ಮ ವಿದ್ಯಾರ್ಥಿನಿ,
ತನುಜ


ಗೌರಿಬಿದನೂರು
12 ಮಾರ್ಚ್ 2025

ಚಿ. ಸೌ. ತನುಜಳಿಗೆ,

ಅಂದು ನನ್ನ ರಕ್ತದೊತ್ತಡದ ತಪಾಸಣೆಗೆಂದು ಮಗಳ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಕಾಳನ್ನು ಕೊಟ್ಟು ಹತ್ತು ನಿಮಿಷ ಕುಳಿತಿರಬಹುದು. ಹತ್ತು ನಿಮಿಷ ಕುಳಿತ ಸಂದರ್ಶಕಳನ್ನು ಸಿಬ್ಬಂದಿಯ ಲೆಕ್ಕದಲ್ಲಿ ಸೇರಿಸುವುದು ಕ್ರಮವಲ್ಲವೆಂದು ನಾಲ್ವರು ಎಂದೆ.

ಆಸ್ಪತ್ರೆಯ ಕಾಗದದಲ್ಲಿ ಏನಿದೆಯೋ ಅದಕ್ಕೆ ಆಸ್ಪತ್ರೆ ಹೊಣೆ. ಎಂಟು ವರ್ಷದ ಮಕ್ಕಳು ಬೇಗ ಮರೆಯುತ್ತಾರೆ. ಮೂವತ್ತನಾಲ್ಕು ವರ್ಷ ಮಕ್ಕಳನ್ನು ನೋಡಿದವಳ ಮಾತಿದು. ಅವಳ ಎದುರಿಗೆ ಈ ವಿಷಯವನ್ನು ಎತ್ತದಿರುವುದು ಒಳ್ಳೆಯದು.

ಶಿರೀಷಾ ಕೆಲಸ ಬಿಟ್ಟಿದ್ದಾಳೆ. ಚಿಂತಾಮಣಿಯಲ್ಲಿ ಗೆಳತಿಯ ಮನೆಯಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಬೇಡವೆಂದು ಕೋರುತ್ತೇನೆ. ಅವಳು ನನ್ನ ಕರೆಗೂ ಉತ್ತರಿಸುತ್ತಿಲ್ಲ.

ಇತಿ,
ಎನ್. ರಾಮಲಕ್ಷ್ಮಮ್ಮ


ಶಿಡ್ಲಘಟ್ಟ
27 ಏಪ್ರಿಲ್ 2025

ಮೇಡಂ ಅವರಿಗೆ,

ಕಳೆದ ಸೋಮವಾರ ನನ್ನ ಅಂಚೆ ಕಚೇರಿಯ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ. ಆ ಕಾಗದವನ್ನು ಯಾವ ಆಧಾರದ ಮೇಲೆ ಕೊಟ್ಟಿರಿ ಎಂದು ಕೇಳಿದೆ. ವ್ಯವಸ್ಥಾಪಕ ಮುರಳಿಮೋಹನ್ ಅವರು ಬಹಳ ಹೊತ್ತು ಕಾಯಿಸಿ, ಕೊನೆಗೆ ಸಿಬ್ಬಂದಿಯೊಬ್ಬರ ಹೇಳಿಕೆಯ ಪ್ರತಿಯನ್ನು ಮೇಜಿನ ಮೇಲೆ ಇಟ್ಟರು. ಒಂದೂವರೆ ಪುಟ. ಕೆಳಗೆ ಶಿರೀಷಾ ಅಕ್ಕನ ಸಹಿಯಿತ್ತು.

ಉಳಿದದ್ದೆಲ್ಲ ನಿಮ್ಮ ಕೈಬರಹ.

ನನ್ನ ಐದು ವರ್ಷದ ನೋಟುಬುಕ್ಕುಗಳಲ್ಲಿ ಕೆಂಪು ಶಾಯಿಯಲ್ಲಿ ಓದಿದ ಅಕ್ಷರ ಅದು. ನನ್ನ ಅಕ್ಷರವೂ ಅದನ್ನೇ ನೋಡಿ ಕಲಿತದ್ದು. ಯಾರಾದರೂ ಅಕ್ಕಪಕ್ಕ ಇಟ್ಟರೆ ನಾನೇ ಬರೆದೆ ಎಂದಾರು. ನನ್ನ ಮಗಳ ಮೇಲಿನ ದೋಷಾರೋಪವನ್ನು ನನ್ನದೇ ಅಕ್ಷರದಂಥ ಅಕ್ಷರದಲ್ಲಿ ಓದಿದೆ. "ಮೊಮ್ಮಗಳು ಜನವರಿ ಎಂಟಕ್ಕೂ ಮೊದಲೇ ನೆಗಡಿಯಿಂದ ಬಳಲುತ್ತಿದ್ದಳೆಂದು ಗಂಗುಲಮ್ಮನವರೇ ತಿಳಿಸಿದ್ದರು." ಅಮ್ಮ ಹಾಗೆ ಹೇಳಲಿಲ್ಲ. ಹೇಳಿಲ್ಲವೆನ್ನಲು ಅವಳಿಲ್ಲ.

ನಾನು ಆ ಕುರ್ಚಿಯಲ್ಲಿ ಕುಳಿತಿದ್ದಾಗ ರಮೇಶ್‌ಬಾಬು ಬಂದರು. ಹೊರಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು. ಆ ವಾರ ಅವರಿಗೂ ಶುಕ್ರವಾರ ಜ್ವರ ಬಂತಂತೆ, ಮುನಿರತ್ನಮ್ಮನವರಿಗೂ ಅದೇ ದಿನ. "ಒಂದೇ ಬೋಗುಣಿ ಸುತ್ತ ಕೂತವ್ರಲ್ಲಿ ಮೂರು ಜನಕ್ಕೆ ಎರಡು ಮೂರು ದಿನದಲ್ಲೇ ಬಂತು ತನುಜಮ್ಮ. ನಾನು ಲ್ಯಾಬ್‌ನೋನು, ನಂಗೇ ಹೊಳೀಲಿಲ್ಲ. ನಾಲ್ಕು ದಿನ ಹಾಸ್ಗೆ ಹಿಡ್ದು ಎದ್ದೆ. ಅವಮ್ಮ ಏಳಲಿಲ್ಲ" ಎಂದರು. ಅವರ ಚಹಾ ಆರಿಹೋಯಿತು. ಇದನ್ನು ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರಿಗೆ ಇಬ್ಬರು ಮಕ್ಕಳಿದ್ದಾರೆ, ಕೆಲಸ ಬೇಕು. ನಾನು ಮತ್ತೆ ಕೇಳಲಿಲ್ಲ.

ಮೇಡಂ, ಮಕ್ಕಳು ಬೇಗ ಮರೆಯುತ್ತಾರೆಂದು ಬರೆದಿರಿ. ಮೊನ್ನೆ ಗೌತಮಿ ಕೇಳಿದಳು: "ಅಮ್ಮಾ, ನಾನು ಅವತ್ತು ಅಜ್ಜಿ ತಟ್ಟೇಲಿ ಊಟ ಮಾಡ್ದೇ ಇದ್ದಿದ್ರೆ ಅಜ್ಜಿ ಇರ್ತಿದ್ಲಾ?" ಹೌದೆಂದರೆ ಅವಳು ಸತ್ತಂತೆ. ಇಲ್ಲವೆಂದರೆ ನಂಬುವುದಿಲ್ಲ. ಅಮ್ಮಂದಿರು ಹಾಗೆಯೇ ಹೇಳುತ್ತಾರೆಂದು ಅವಳಿಗೆ ಗೊತ್ತು. ಕಾಗದದಲ್ಲಿರುವುದನ್ನು ನಂಬುತ್ತಾಳೆ. ಆದ್ದರಿಂದ ನನಗೆ ಇನ್ನೊಂದು ಕಾಗದ ಬೇಕು, ಅದೇ ಕೈಬರಹದಲ್ಲಿ. ಆಸ್ಪತ್ರೆಗಲ್ಲ. ಅವಳಿಗೆ. ಅವಳೇ ಓದುವಂತೆ.

ಮತ್ತೆ ಬರೆದು ಕೇಳುವುದಿಲ್ಲ.

ತನುಜ


ಚಿಂತಾಮಣಿ
15 ಜೂನ್ 2025

ಅಮ್ಮಾ,

ನಿಮ್ಮ ಮೂರೂ ಪತ್ರಗಳು ತಲುಪಿದವು. ನಾನು ಕ್ಷೇಮ. ಇಲ್ಲೊಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬಂದವರು ಮೂರು ಅಡಿ ದೂರದಲ್ಲಿ ಕೂರುತ್ತಾರೆ, ಅಕ್ಷರ ಓದುತ್ತಾರೆ, ಹೋಗುತ್ತಾರೆ. ಯಾರಿಗೂ ಏನೂ ಆಗುವುದಿಲ್ಲ.

ತನುಜಳಿಗೆ ಉತ್ತರ ಬರೆಯದಿರುವುದೇ ಘನತೆ ಎಂದಿದ್ದೀರಿ. ಅಮ್ಮಾ, ಮಂಗಳವಾರ ಸಂಜೆಯೇ ನನಗೆ ನೂರೊಂದು ಡಿಗ್ರಿ ಇತ್ತು. ಥರ್ಮಾಮೀಟರ್ ನೋಡಿದ್ದು ನೀವು. ನಾಳೆ ರಜೆ ಹಾಕ್ತೀನಿ ಎಂದೆ. ಮೂವತ್ತನಾಲ್ಕು ವರ್ಷದಲ್ಲಿ ಜ್ವರವೆಂದು ಒಂದು ದಿನವೂ ರಜೆ ಹಾಕದ ನಿಮ್ಮ ಕಥೆಯನ್ನು ಹೇಳಿದಿರಿ, ಮಾತ್ರೆ ಕೊಟ್ಟಿರಿ. ಬೆಳಿಗ್ಗೆ ಜ್ವರ ಇಳಿದಿತ್ತು, ಹೊರಟೆ. ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಾನು ನರ್ಸ್. ಮಾತ್ರೆಯಿಂದ ಇಳಿದ ಜ್ವರ ಇಳಿದ ಜ್ವರವಲ್ಲವೆಂದು ರೋಗಿಗಳಿಗೆ ದಿನಾ ಹೇಳುತ್ತಿದ್ದವಳು.

ರೋಗಿಗಳ ಬಳಿ ಹೋಗುವಾಗ ಮಾಸ್ಕ್ ಬಿಗಿಯಾಗಿ ಹಾಕಿಕೊಳ್ಳುತ್ತಿದ್ದೆವು. ನಮ್ಮ ಕೋಣೆಗೆ ಬಂದರೆ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದೆವು. ಕಾಯಿಲೆ ವಾರ್ಡಿನಲ್ಲಿದೆ, ಕೋಣೆಯಲ್ಲಿರುವವರು ನಮ್ಮವರು ಎಂದುಕೊಂಡಿದ್ದೆವು. ಅವತ್ತು ಮಾತ್ರ ನಾನು ಕೋಣೆಯಲ್ಲೂ ತೆಗೆಯಲಿಲ್ಲ. ಆಮೇಲೆ ತೆಗೆದೆ. ಏಕೆ ತೆಗೆದೆನೆಂದು ನಿಮಗೆ ಗೊತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ. ಅದು ನೀವು ಹೇಳಬೇಕಾದದ್ದು.

ಆ ಹೇಳಿಕೆಗೆ ನಾನು ಓದದೆ ಸಹಿ ಹಾಕಿದೆ. ಜ್ವರದಲ್ಲಿದ್ದೆ, ಗಂಗುಲಮ್ಮನಿಗೆ ಆಕ್ಸಿಜನ್ ಹಾಕಿದ್ದರು, ನೀವು ಪೆನ್ನು ಕೊಟ್ಟಿರಿ. ಆಮೇಲೆ ಓದಿದೆ. ಓದಿದ ದಿನವೇ ಮನೆ ಬಿಟ್ಟೆ.

ಆ ಮಗುವಿಗೆ ಬರೆಯಿರಿ. ಅಲ್ಲಿಯವರೆಗೆ ನನಗೆ ಬರೆಯಬೇಡಿ.

ಶಿರೀಷಾ


ಗೌರಿಬಿದನೂರು
3 ಆಗಸ್ಟ್ 2025

ತನುಜಳಿಗೆ,

ಏಪ್ರಿಲ್‌ನಿಂದ ಈ ಪತ್ರವನ್ನು ಹನ್ನೊಂದು ಸಲ ಬರೆದು ಹರಿದಿದ್ದೇನೆ. ಪ್ರತಿಯೊಂದರಲ್ಲಿಯೂ ವಾಕ್ಯಗಳು ಚೆನ್ನಾಗಿದ್ದವು. ಅದೇ ಕಾರಣಕ್ಕೆ ಹರಿದೆ.

ಫೆಬ್ರವರಿಯ ನನ್ನ ಪತ್ರವನ್ನು ತಿದ್ದುತ್ತಿದ್ದೇನೆ. ಅಂದು ನಾನು ಹತ್ತು ನಿಮಿಷವಲ್ಲ, ಒಂದೂವರೆ ಗಂಟೆ ಆ ಕೋಣೆಯಲ್ಲಿದ್ದೆ. ಶಿರೀಷಾ ಗೋಡೆಯ ಬದಿಗೆ ಮಾಸ್ಕ್ ಹಾಕಿಕೊಂಡು ಕುಳಿತಿದ್ದಳು. ಗಂಗುಲಮ್ಮ ನೆಲ ಒರೆಸುವ ಕೆಲಸ ಮುಗಿಸಿ ಕೊನೆಯಲ್ಲಿ ಬಂದಳು. ಶಿರೀಷಾಳ ಪಕ್ಕದಲ್ಲಿ ಮಾತ್ರ ಜಾಗವಿತ್ತು. ಅವಳು ಕುಳಿತಾಗ ನನ್ನ ಮಗಳು ಗೋಡೆಗೆ ಇನ್ನಷ್ಟು ಸರಿದಳು. ತನಗೆ ಮೈ ಸರಿಯಿಲ್ಲವೆಂದು ಸರಿದಳು. ನನಗೆ ಕಂಡದ್ದು ಬೇರೆ. ನನಗೆ ಕಿಟಕಿಯ ಮೇಲಿನ ಲೋಟ ಕಂಡಿತು.

"ಇದೇನೇ ಇದು, ಮುಖ ಮುಚ್ಕೊಂಡು ಅತ್ತ ಸರೀತೀಯ? ಗಂಗುಲಮ್ಮ ಏನಂದ್ಕೋಬೇಕು? ತೆಗಿ ಅದನ್ನ" ಎಂದೆ.

ನಿನ್ನ ತಾಯಿ ನಕ್ಕು, "ಬಿಡ್ರಮ್ಮ, ಹಾಕ್ಕೊಂಡಿರ್ಲಿ. ಮಗೀಗೆ ಮೈ ಸರಿ ಇದ್ದಂಗಿಲ್ಲ. ನಾನೇನೂ ಅಂದ್ಕೊಳಲ್ಲ" ಎಂದಳು. ನೋಡಿದೊಡನೆ ಅವಳಿಗೆ ತಿಳಿದಿತ್ತು. ತಿಳಿದೂ ಪಕ್ಕದಲ್ಲಿ ಕುಳಿತಳು.

ನಾನು ಎರಡನೆಯ ಸಲ ಹೇಳಿದೆ. ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ ಹೇಳಿದೆ. ಶಿರೀಷಾ ತೆಗೆದು ಮೊಳೆಗೆ ಹಾಕಿದಳು. ಆಮೇಲೆ ಅವಳು ಕೆಮ್ಮಿದಳು, ಎಲ್ಲರೂ ನಕ್ಕರು, ಕಾಳು ಚಿಮ್ಮಿತು, ಬೇಳೆ ಹಂಚಿಕೊಂಡೆವು. ಹಿಂದಿನ ಸಂಜೆಯ ಜ್ವರದ ವಿಷಯ ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ನನಗೊಬ್ಬಳಿಗೆ. ನನಗೆ ಜ್ವರ ಬರಲಿಲ್ಲ. ಒಂದು ಸೀನೂ ಬರಲಿಲ್ಲ.

ಗಂಗುಲಮ್ಮನಿಗೆ ಅವಮಾನವಾಗದಿರಲೆಂದು ಹೇಳಿದೆನೋ, ನಾನು ಎಂಥವಳೆಂಬುದನ್ನು ಎಲ್ಲರೂ ನೋಡಲೆಂದು ಹೇಳಿದೆನೋ, ಏಳು ತಿಂಗಳು ಯೋಚಿಸಿದರೂ ತಿಳಿಯಲಿಲ್ಲ. ಅವಳು ನನ್ನ ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲವೆಂದು ನೀನು ಬರೆದ ದಿನದಿಂದ ಮೊದಲನೆಯ ಉತ್ತರದ ಮೇಲೆ ನನಗೆ ನಂಬಿಕೆಯಿಲ್ಲ.

ಹೇಳಿಕೆಯಲ್ಲಿನ ನಿನ್ನ ಮಗಳ ಮಾತು ನಾನು ಕಟ್ಟಿದ್ದು. ಮಗುವಿಗೆ ನೆಗಡಿ ಎಂದು ನೀನು ಶಿರೀಷಾಳಿಗೆ ಹೇಳಿದ್ದನ್ನು ಕೇಳಿ, ತಾರೀಖನ್ನು ಹಿಂದಕ್ಕೆ ಸರಿಸಿದೆ. ನನ್ನ ಮಗಳನ್ನು ಉಳಿಸಿಕೊಳ್ಳಲು ನಿನ್ನ ಮಗಳನ್ನು ಮುಂದಿಟ್ಟೆ. ಕಳೆದ ತಿಂಗಳು ಆಸ್ಪತ್ರೆಗೆ ಹೋಗಿ ಹೊಸ ಹೇಳಿಕೆ ಕೊಟ್ಟೆ. ಮುರಳಿಮೋಹನ್ ಅದನ್ನು ಓದಿ, ಕಡತ ಮುಗಿದಿದೆ, ಸಂದರ್ಶಕರ ಹೇಳಿಕೆಗೆ ಅದರಲ್ಲಿ ಜಾಗವಿಲ್ಲ ಎಂದು ಹಿಂತಿರುಗಿಸಿದರು. ಸಂದರ್ಶಕಳನ್ನು ಲೆಕ್ಕಕ್ಕೆ ಸೇರಿಸಬಾರದೆಂದು ನಿನಗೆ ಬರೆದವಳು ನಾನೇ. ಬರುವಾಗ ಆ ಕೋಣೆಯ ಮುಂದೆ ಹಾದುಬಂದೆ. ಬಾಗಿಲು ತೆರೆದಿತ್ತು. ಹೊಸ ಹುಡುಗಿಯರು ನಾಲ್ವರು ಒಂದೇ ಡಬ್ಬಿಗೆ ಕೈ ಹಾಕಿ ಊಟ ಮಾಡುತ್ತಿದ್ದರು. ಮಾಸ್ಕ್‌ಗಳು ಮೊಳೆಯಲ್ಲಿದ್ದವು. ಒಬ್ಬಳು ಕೆಮ್ಮುತ್ತಿದ್ದಳು. ಹೇಳಬೇಕೆಂದು ನಿಂತೆ. "ಬನ್ನಿ ಅಜ್ಜಿ, ಊಟ ಮಾಡಿ" ಎಂದರು. ಕೈ ಮುಗಿದು ಮುಂದೆ ನಡೆದೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಡಬೇಕೋ ಬೇಡವೋ ಎಂಬ ಭಾರವೂ ನಿನ್ನದಾಗುತ್ತದೆ. ಮಗುವಿಗೆ ಬರೆದದ್ದು ಬೇರೆ ಹಾಳೆಯಲ್ಲಿದೆ. ತಡವಾಗಿದ್ದರೆ ಒಲೆಗೆ ಹಾಕು.

ರಾಮಲಕ್ಷ್ಮಮ್ಮ


3 ಆಗಸ್ಟ್ 2025

ಗೌತಮಿ,

ಇದನ್ನು ನೀನೇ ಓದು. ಕಷ್ಟದ ಪದ ಯಾವುದೂ ಇಲ್ಲ.

ನಿನ್ನ ಅಜ್ಜಿಗೆ ಜ್ವರ ಬಂದದ್ದು ಶನಿವಾರ. ನಿನಗೆ ನೆಗಡಿ ಬಂದದ್ದು ಸೋಮವಾರ. ಯಾವುದು ಮೊದಲು ಎಂದು ನೀನೇ ಹೇಳಬಲ್ಲೆ. ನಿನ್ನಿಂದ ಅಜ್ಜಿಗೆ ಏನೂ ಬರಲಿಲ್ಲ. ಅಜ್ಜಿಗೆ ಅದು ಬಂದದ್ದು ಆಸ್ಪತ್ರೆಯ ಒಂದು ಕೋಣೆಯಲ್ಲಿ, ಅದಕ್ಕೂ ಮೊದಲಿನ ಬುಧವಾರ. ನಿನ್ನಿಂದ ಬಂತು ಎಂದು ಕಾಗದದಲ್ಲಿ ಬರೆದವಳು ನಾನು. ಅದು ಸುಳ್ಳು. ನಾನು ಟೀಚರ್. ಆದರೂ ಸುಳ್ಳು ಬರೆದೆ.

ಅಜ್ಜಿ ಅಂದು ಬೇಳೆ ತಂದದ್ದು ನಿನಗೆ ಎಂದು. ಅವಳ ತಟ್ಟೆಯಲ್ಲಿ ನೀನು ಊಟ ಮಾಡಿದ್ದು ಒಳ್ಳೆಯದೇ ಆಯಿತು.

ಕಿಟಕಿಯ ಮೇಲಿನ ಲೋಟವನ್ನು ಒಳಗೆ ಇಡು.

ಆ ಬುಧವಾರ ಕೋಣೆಯಲ್ಲಿ ಇದ್ದವರ ಹೆಸರುಗಳನ್ನು ಕೆಳಗೆ ಬರೆದಿದ್ದೇನೆ. ಒಂದೊಂದರ ಮೇಲೂ ಬೆರಳಿಟ್ಟು ಓದು. ನಿನ್ನ ಹೆಸರು ಇದೆಯೇ ಎಂದು ಹುಡುಕು. ಮರೆತರೆ ಮತ್ತೆ ಓದು.

ಗಂಗುಲಮ್ಮ
ಶಿರೀಷಾ
ಮುನಿರತ್ನಮ್ಮ
ರಮೇಶ್‌ಬಾಬು
ರಾಮಲಕ್ಷ್ಮಮ್ಮ